ಸಹಿ ಹಾಕದ ಗೋಡೆಯಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ನಾಲ್ಕನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ನಲವತ್ತಾರು ಕುರ್ಚಿಗಳಲ್ಲಿ ನಲವತ್ತೈದು ಖಾಲಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಲವತ್ತೆಂಟು ವರ್ಷದ ಹೆಂಗಸೊಬ್ಬರು ಚಪ್ಪಲಿ ಬಿಚ್ಚಿಟ್ಟು, ಕಾಲು ಮಡಿಚಿ ಕೂತು, ವಿಡಿಯೊ ಗೇಮ್ ಆಡುತ್ತಿದ್ದಾರೆ. ಗುಂಡಿಗಳನ್ನೊತ್ತಿ ಆಟ ನಡೆಸುವ ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಬಲಗೈ ಮಾಡಬೇಕಾದ್ದನ್ನು ಎಡಗೈ ಮಾಡುತ್ತಿದೆ. ತೆರೆಯ ಮೇಲಿನ ಅಂಚೆಯವನು ಕುಡಿದವನ ಹಾಗೆ ಅಡ್ಡಾದಿಡ್ಡಿ ನಡೆದು, ಗೋಡೆಗೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಮತ್ತೆ ಅದೇ ಗೋಡೆಗೆ ಹೋಗಿ ಬಡಿಯುತ್ತಿದ್ದಾನೆ.

ಇದು ಅವರ ಕೆಲಸ. ಮಾರುಕಟ್ಟೆಗೆ ಬರುವ ಮುಂಚೆ ಆಟವನ್ನು ಆಡಿ, ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಬರೆದಿಡುವ ಟೆಸ್ಟರ್ ಅವರು. ಹಿಂದಿನ ದಿನ ಎಲ್ಲರೂ ಮಾಡಿದ ಕೆಲಸವನ್ನು ಯಂತ್ರ ಒಟ್ಟುಗೂಡಿಸಿ, ಬೆಳಗಿನ ಹೊತ್ತಿಗೆ ಆಟದ ಹೊಸ ಪ್ರತಿಯೊಂದನ್ನು ತಯಾರಿಸಿಟ್ಟಿರುತ್ತದೆ. ಒಂಬತ್ತಕ್ಕೆ ಉಳಿದವರು ಬರುವಷ್ಟರಲ್ಲಿ ಆ ಪ್ರತಿ ಎದ್ದು ನಿಲ್ಲುತ್ತದೆಯೋ ಮಕಾಡೆ ಮಲಗುತ್ತದೆಯೋ ಎಂದು ಇವರು ಹೇಳಬೇಕು. ಆಟದೊಳಗಿನ ಪ್ರತಿ ಗೋಡೆಯನ್ನೂ ಮುಟ್ಟಿ, ತೂರಿಹೋಗುವ ತೂತು ಇದೆಯೇ ಎಂದು ನೋಡುವುದರಿಂದ, ಆಟ ತಯಾರಿಸುವ ಈ ಸ್ಟುಡಿಯೊದಲ್ಲಿ ಇವರಿಗೆ ಗೋಡೆಯಕ್ಕ ಎಂದೇ ಹೆಸರು. ಮುಖ್ಯಸ್ಥನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ.

"ದಿನಕ್ಕೆ ಸಾವಿರದ ನಾನೂರು ಗೋಡೆ ಆಗುತ್ತೆ. ಮೊದಮೊದಲು ಕನಸಲ್ಲೂ ಗೋಡೆ ಮುಟ್ತಾ ಇದ್ದೆ. ಮನೆಯವರು ಕೈ ಹಿಡಿದು ಎಬ್ಬಿಸೋರು," ಎನ್ನುತ್ತಾರೆ, ತೆರೆಯಿಂದ ಕಣ್ಣು ತೆಗೆಯದೆ. ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ಇಬ್ಬರೂ ದಿನವಿಡೀ ಬೇರೆಯವರು ಗಮನಿಸದ ಕಡೆ ಕಣ್ಣಿಡುವವರು ಎಂಬುದು ಆ ಮನೆಯ ಹಳೆಯ ತಮಾಷೆ.

ಈ ಕಣ್ಣು ಅವರಿಗೆ ಬಂದದ್ದು ಔಷಧಿ ಕಾರ್ಖಾನೆಯಿಂದ. ಹನ್ನೊಂದು ವರ್ಷ ಅಲ್ಲಿ ಇಂಜೆಕ್ಷನ್ ಸೀಸೆಗಳನ್ನು ಬೆಳಕಿಗೆ ಹಿಡಿದು, ಒಳಗೆ ಕಸದ ಚೂರು ತೇಲುತ್ತಿದೆಯೇ ಎಂದು ನೋಡುವ ಕೆಲಸ ಮಾಡಿದರು. ಒಂದು ಸೀಸೆಗೆ ಐದು ಸೆಕೆಂಡ್. ಆಮೇಲೆ ಆ ಕೆಲಸಕ್ಕೆ ಕ್ಯಾಮೆರಾ ಬಂತು, ಇವರು ಮನೆಗೆ ಬಂದರು. ಅದೇ ಹೊತ್ತಿಗೆ ಈ ಸ್ಟುಡಿಯೊ ಶುರುವಾಗಿತ್ತು. ಟೆಸ್ಟರ್ ಕೆಲಸಕ್ಕೆ ಬಂದಿದ್ದವರೆಲ್ಲ ಆಟದ ಹುಚ್ಚು ಹಿಡಿದ ಹುಡುಗರು. ಕೂತರೆ ಗೆಲ್ಲಲು ನೋಡುವವರು. ಗೆಲ್ಲುವ ಆಸೆಯಿಲ್ಲದೆ ಒಂದೇ ಬಾಗಿಲನ್ನು ಇನ್ನೂರು ಸಲ ತೆಗೆದು ಮುಚ್ಚುವವರು ಬೇಕಾಗಿತ್ತು. ಕಂಟ್ರೋಲರ್ ಎಂದರೇನೆಂದೇ ತಿಳಿಯದ ಇವರನ್ನು ಕರೆದು ಕೂರಿಸಿದರು.

ಕೆಟ್ಟ ಆಟ ಬಿಡುಗಡೆಯಾದಾಗ, ತಯಾರಿಸಿದವರ ಕಣ್ಣಿಗೆ ತಪ್ಪು ಬಿದ್ದೇ ಇಲ್ಲವೇನೋ ಎಂದು ಅದನ್ನು ಕೊಂಡವರಿಗೆ ಅನಿಸುತ್ತದೆ. ಗೋಡೆಯಕ್ಕನ ಲೆಕ್ಕ ಬೇರೆಯದೇ ಹೇಳುತ್ತದೆ. ಇವರ ಸ್ಟುಡಿಯೊದ ಹಿಂದಿನ ಆಟ ತಯಾರಾಗಲು ಎರಡು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಟೆಸ್ಟರ್‌ಗಳು ಬರೆದಿಟ್ಟ ದೋಷಗಳು ಹನ್ನೊಂದು ಸಾವಿರ. ಸರಿಪಡಿಸಿದ್ದು ಏಳೂವರೆ ಸಾವಿರ. ಉಳಿದ ಮೂರೂವರೆ ಸಾವಿರದ ಮುಂದೆ "ಗೊತ್ತಿದೆ, ಬಿಡುಗಡೆಯ ನಂತರ ನೋಡೋಣ" ಎಂದು ಬರೆದು ಆಟವನ್ನು ಅಂಗಡಿಗೆ ಕಳಿಸಿದರು. ಜಾಹೀರಾತು ಹೋಗಿಯಾಗಿತ್ತು, ಅಂಗಡಿಗಳಲ್ಲಿ ಜಾಗ ಕಾದಿರಿಸಿಯಾಗಿತ್ತು, ಹಣ ಹಾಕಿ ಆಟವನ್ನು ಮಾರುವ ಪ್ರಕಾಶಕ ಸಂಸ್ಥೆ ತಾರೀಕನ್ನು ಊರಿಗೆಲ್ಲ ಸಾರಿಯಾಗಿತ್ತು. ತಾರೀಕು ಗೊತ್ತುಮಾಡಿದವರಲ್ಲಿ ಒಬ್ಬರೂ ಆ ಆಟವನ್ನು ಆಡಿರಲಿಲ್ಲ.

"ಆಟ ಅನ್ನೋದು ಮುಗಿಯೋ ಕೆಲಸ ಅಲ್ಲ. ತಾರೀಕು ಬರುತ್ತೆ, ಕೈಯಿಂದ ಕಿತ್ಕೋತಾರೆ, ಅಷ್ಟೇ," ಎನ್ನುತ್ತಾರೆ ಸ್ಟುಡಿಯೊದ ಮುಖ್ಯಸ್ಥ. ನಲವತ್ತು ದಾಟದ ಮನುಷ್ಯ, ಆದರೆ ತಲೆಯೆಲ್ಲ ಬೆಳ್ಳಗಾಗಿದೆ.

ಹಾಗೆ ಕಿತ್ತುಕೊಂಡ ಆ ಆಟದಲ್ಲಿ ಗೋಡೆಯಕ್ಕನದೂ ಒಂದು ತಪ್ಪಿತ್ತು. ಆ ವಿಷಯ ಬಂದಾಗ ಅವರು ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತಾಡುತ್ತಾರೆ.

ಆ ಆಟದಲ್ಲೊಂದು ಹೊಳೆ. ದೋಣಿಯಿಂದ ಇಳಿದ ಕೂಡಲೇ, ಆಡುವವರು ಅಲ್ಲಿಯವರೆಗೆ ಮಾಡಿದ್ದೆಲ್ಲವನ್ನೂ ಆಟ ತಾನಾಗಿ ಉಳಿಸಿಕೊಳ್ಳುತ್ತದೆ. ಆಗ ತೆರೆಯ ಮೂಲೆಯಲ್ಲಿ ಎರಡು ಸೆಕೆಂಡ್ ಸಣ್ಣ ಚಕ್ರವೊಂದು ತಿರುಗುತ್ತದೆ. ಒಂದು ದಿನ ಹಾಗೆ ದೋಣಿ ಇಳಿದಾಗ ಗೋಡೆಯಕ್ಕನ ಆಟ ಪೂರ್ತಿ ಅಳಿಸಿಹೋಯಿತು. ಆದರೆ ಈ ಕೆಲಸದಲ್ಲೊಂದು ಕಟ್ಟಳೆ ಇದೆ: ಮತ್ತೆ ಮಾಡಿ ತೋರಿಸಲಾಗದ ದೋಷವನ್ನು ದೋಷವೆಂದು ಒಪ್ಪುವುದಿಲ್ಲ. ನೂರು ಸಲ ದೋಣಿ ಹತ್ತಿ ಇಳಿದರು. ಒಂದು ಸಲವೂ ಅಳಿಯಲಿಲ್ಲ. ಯಂತ್ರದ್ದೇ ಏನೋ ತೊಂದರೆ ಇರಬೇಕೆಂದು ಎಲ್ಲರೂ ಅಂದರು, ಇವರೂ ಹೂಂ ಅಂದರು. ಬಿಡುಗಡೆಗೆ ಮುನ್ನ ಹಿರಿಯ ಟೆಸ್ಟರ್ ಆದ ಇವರು ಒಪ್ಪಿಗೆಯ ಹಾಳೆಗೆ ಸಹಿ ಹಾಕಬೇಕು, ಅದಿಲ್ಲದೆ ಆಟ ಹೊರಡುವಂತಿಲ್ಲ. ಹಾಕಿದರು.

ಆಟ ಅಂಗಡಿಗೆ ಬಂದ ಮೊದಲ ವಾರವೇ, ದೋಣಿ ಇಳಿದರೆ ಆಟ ಅಳಿಸಿಹೋಗುತ್ತಿದೆ ಎಂಬ ಗೋಳು ಶುರುವಾಯಿತು. ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ನೂರಕ್ಕೆ ಐವತ್ತೆಂಟು. ಒಬ್ಬರಂತೂ "ಇದನ್ನು ಮಾರುವ ಮುಂಚೆ ಒಬ್ಬರಾದರೂ ಆಡಿ ನೋಡಿದ್ದರೇ?" ಎಂದು ಬರೆದರು. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರಿಗೆ ಆ ಒಂದು ಸಾಲು ಕಪಾಳಕ್ಕೆ ಹೊಡೆದ ಹಾಗಾಯಿತು.

ತನ್ನ ಕೈಯಲ್ಲಿ ಮತ್ತೆ ಆಗದ್ದು ಊರವರಿಗೆಲ್ಲ ಹೇಗೆ ಆಗುತ್ತಿದೆ ಎಂಬುದು ಗೊತ್ತಾದದ್ದು ಮನೆಯಲ್ಲಿ. ಎಪ್ಪತ್ತೆರಡು ವರ್ಷದ ಅತ್ತೆಯ ಕೈಗೆ ಕಂಟ್ರೋಲರ್ ಕೊಟ್ಟು ದೋಣಿ ಹತ್ತಿಸಿದರು. ಅತ್ತೆ ದಡಕ್ಕಿಳಿದವರೇ ಸೊಸೆ ನೋಡನೋಡುತ್ತಿದ್ದಂತೆ ಆಟದೊಳಗಿನ ಚೀಲ ತೆರೆಯುವ ಗುಂಡಿ ಒತ್ತಿದರು. ಆಟ ಅಳಿಸಿಹೋಯಿತು.

"ಯಾಕತ್ತೆ ಚೀಲ ತೆಗೆದ್ರಿ?" ಎಂದು ಕೇಳಿದರೆ ಅತ್ತೆ, "ನೀರಲ್ಲಿ ಬಂದಿದೀನಲ್ಲೇ! ಸಾಮಾನು ನೆಂದಿದೆಯಾ ಅಂತ ನೋಡೋದು ಬೇಡ್ವಾ?" ಅಂದರಂತೆ.

ಅಷ್ಟೇ ವಿಷಯ. ಚಕ್ರ ತಿರುಗುವಾಗ ಚೀಲ ತೆಗೆದರೆ ಆಟ ಅಳಿಯುತ್ತಿತ್ತು. ಸಾವಿರಾರು ಸಲ ಆ ದೋಣಿ ಇಳಿದಿದ್ದ ಗೋಡೆಯಕ್ಕನ ಹೆಬ್ಬೆರಳು ಮಾತ್ರ ಚಕ್ರ ನಿಲ್ಲುವವರೆಗೆ ಸುಮ್ಮನಿರುವುದನ್ನು ಅವರಿಗೇ ತಿಳಿಯದಂತೆ ಕಲಿತುಬಿಟ್ಟಿತ್ತು. ಕೈ ಪಳಗಿದ್ದೇ ತಪ್ಪಾಗಿತ್ತು. ಹೊಸಬರು ಬೀಳುವ ಗುಂಡಿಯನ್ನು ಅವರ ಕೈ, ಎಡವಿದ ಆ ಒಂದು ದಿನ ಬಿಟ್ಟರೆ, ದಿನವೂ ದಾಟಿಕೊಂಡು ಹೋಗುತ್ತಿತ್ತು. ಅಂದಿನಿಂದ ಪ್ರತಿ ಬೆಳಗ್ಗೆ ಮೊದಲ ಒಂದು ಗಂಟೆ ಕಂಟ್ರೋಲರ್ ತಲೆಕೆಳಗು.

ಬಂದ ದೂರುಗಳನ್ನು ಒಂದೊಂದಾಗಿ ಓದಿ ನಿಜವೋ ಸುಳ್ಳೋ ಎಂದು ಗುರುತು ಹಾಕುವುದೂ ಟೆಸ್ಟರ್‌ಗಳದೇ ಕೆಲಸ. ಅವುಗಳಲ್ಲಿ ಒಂದನ್ನು ಮಗಳೊಬ್ಬಳು ಬರೆದಿದ್ದಳು. ತಾಯಿಗೆ ಕಾಯಿಲೆಯಾಗಿ ಹಾಸಿಗೆ ಹಿಡಿದಾಗ ಇಬ್ಬರೂ ಸೇರಿ ಆ ಆಟ ಆಡುತ್ತಿದ್ದರಂತೆ. ತಾಯಿ ಆಟದೊಳಗಿನ ಮನೆಯ ಹಿಂದೆ ಒಂದು ಕೈತೋಟ ಮಾಡಿದ್ದರು. ತಾಯಿ ತೀರಿಕೊಂಡ ಮೇಲೂ ಮಗಳು ಆಗಾಗ ಆಟ ತೆರೆದು, ಆ ತೋಟದಲ್ಲಿ ನಿಂತು ಬರುತ್ತಿದ್ದಳು. ಒಂದು ದಿನ ದೋಣಿ ಇಳಿದು ಚೀಲ ತೆಗೆದಳು. "ಅಮ್ಮನ ತೋಟ ವಾಪಸ್ ತರೋಕಾಗುತ್ತಾ?" ಎಂದಷ್ಟೇ ಅವಳು ಕೇಳಿದ್ದಳು. ಗೋಡೆಯಕ್ಕ ಆ ದೂರಿನ ಕೆಳಗೆ ಬರೆಯಬೇಕಾಗಿದ್ದುದು ಎರಡೇ ಮಾತು: "ನಿಜ. ಮರಳಿ ತರಲಾಗದು." ಬರೆದು, ಹೋಗಿ ಮುಖ ತೊಳೆದುಕೊಂಡು ಬಂದರು. ಆ ದಿನ ಮತ್ತೇನೂ ಕೆಲಸವಾಗಲಿಲ್ಲ.

ಈಗ ಮುಂದಿರುವುದು ಬೆಟ್ಟದೂರಿನ ಅಂಚೆಯವನ ಆಟ. ಬಿಡುಗಡೆಗೆ ಹನ್ನೆರಡು ದಿನ. ಸ್ಟುಡಿಯೊ ಉಳಿಯುವುದೂ ಮುಚ್ಚುವುದೂ ಇದರ ಮೇಲೇ ನಿಂತಿದೆ. ವಿಮರ್ಶೆಗಳ ಸರಾಸರಿ ಎಪ್ಪತ್ತೈದು ಮುಟ್ಟಿದರೆ ಮಾತ್ರ ಮುಂದಿನ ಆಟ ಕೊಡುತ್ತೇವೆ ಎಂದು ಪ್ರಕಾಶಕ ಸಂಸ್ಥೆ ಕರಾರಿನಲ್ಲೇ ಬರೆದಿದೆ. ಅಂಕಕ್ಕೆ ಬೆಲೆ ಇದೆಯೇ ಎಂಬ ಚರ್ಚೆ ಓದುಗರಿಗೆ ಹರಟೆ ಇದ್ದೀತು, ಈ ಕೋಣೆಯಲ್ಲಿ ಅದು ನಲವತ್ತಾರು ಜನರ ಅನ್ನದ ಪ್ರಶ್ನೆ.

"ವಿಮರ್ಶೆ ಬರೆಯೋರ ಮೇಲೆ ನನಗೆ ಸಿಟ್ಟಿಲ್ಲ," ಎನ್ನುತ್ತಾರೆ ಮುಖ್ಯಸ್ಥ. "ಮೂರು ದಿನ ಆಡ್ತಾರೆ, ಅನ್ನಿಸಿದ್ದನ್ನ ಬರೀತಾರೆ. ಕೊನೇಲಿ ಒಂದು ಅಂಕ ಹಾಕ್ಲೇಬೇಕು, ಹಾಕ್ತಾರೆ. ಅದರ ಮೇಲೆ ನಮ್ಮ ಮನೆ ಒಲೆ ಉರಿಯುತ್ತೆ ಅಂತ ಅವರಿಗೇನು ಗೊತ್ತು?"

ಇಂಥ ಹೊತ್ತಿನಲ್ಲೇ ತಲೆಕೆಳಗಾದ ಕಂಟ್ರೋಲರ್ ಹೊಸ ದೋಷವೊಂದನ್ನು ಹೆಕ್ಕಿತು. ಅಂಚೆಯವನು ಛತ್ರದಲ್ಲಿ ಮಲಗಿ ಏಳುವಾಗ ಆಟ ತನ್ನನ್ನು ಉಳಿಸಿಕೊಳ್ಳುತ್ತದೆ. ಆ ಕ್ಷಣದಲ್ಲಿ ಎರಡು ಗುಂಡಿಗಳು ಒಟ್ಟಿಗೆ ಒತ್ತಿಹೋದರೆ ಉಳಿಸಿದ್ದೆಲ್ಲ ಮಾಯ. ಅರವತ್ತು ಸಲಕ್ಕೆ ಎರಡು ಸಲ ಹೀಗಾಗುತ್ತದೆ. ಗೋಡೆಯಕ್ಕ ಬರೆದುಕೊಟ್ಟರು. ಮೇಲಿನಿಂದ ಉತ್ತರ ಬಂತು: ಅಪರೂಪದ್ದು, ಬಿಡುಗಡೆಯ ನಂತರ ನೋಡೋಣ, ಗುರುವಾರದೊಳಗೆ ಸಹಿ ಹಾಕಿ.

ಗುರುವಾರ ಬಂತು. ಗೋಡೆಯಕ್ಕ ಸಹಿ ಹಾಕಲಿಲ್ಲ.

ಸುದ್ದಿ ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ದಿನಾ ಹನ್ನೊಂದಕ್ಕೆ ಜೊತೆಯಲ್ಲಿ ಚಹಾ ಕುಡಿಯುತ್ತಿದ್ದವರು ಅಂದು ಕರೆಯಲಿಲ್ಲ. ಆಟದ ಚಿತ್ರ ಬಿಡಿಸುವ ಹುಡುಗಿ, ಇವರನ್ನು ಸ್ವಂತ ಅಕ್ಕನಷ್ಟೇ ಹಚ್ಚಿಕೊಂಡವಳು, ಹತ್ತಿರ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಅಕ್ಕಾ, ಅರವತ್ತಕ್ಕೆ ಎರಡು. ಯಾರಿಗೆ ಆಗುತ್ತೆ ಹೇಳಿ? ನಮ್ಮೆಲ್ಲರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

"ಒಂದು ಲಕ್ಷ ಜನ ಆಡಿದ್ರೆ ಮೂರು ಸಾವಿರಕ್ಕೂ ಮೇಲೆ ಆಗುತ್ತಮ್ಮಾ," ಅಂದರು ಗೋಡೆಯಕ್ಕ. "ಔಷಧಿ ಸೀಸೆ ನೋಡೋವಾಗ ಅರವತ್ತಕ್ಕೆ ಎರಡರಲ್ಲಿ ಕಸ ಇದ್ರೆ ಇಡೀ ಪೆಟ್ಟಿಗೆ ಎಸೀತಿದ್ವಿ."

"ಇದು ಔಷಧಿ ಅಲ್ಲ ಅಕ್ಕಾ. ಆಟ." ಹುಡುಗಿ ಮುಖ ತಿರುಗಿಸಿಕೊಂಡು ಹೋದಳು.

ಅವಳ ಮಾತಿನಲ್ಲೂ ಸುಳ್ಳಿರಲಿಲ್ಲ. ಅದೇ ಗೋಡೆಯಕ್ಕನಿಗೆ ಹೆಚ್ಚು ಚುಚ್ಚಿದ್ದು.

ಸಂಜೆ ಮುಖ್ಯಸ್ಥ ಬಂದು ಪಕ್ಕದಲ್ಲಿ ಕೂತರು. ಗೋಡೆಯಕ್ಕ ವಾದಕ್ಕಿಳಿಯಲಿಲ್ಲ. ಕಂಟ್ರೋಲರ್ ಅವರ ಕೈಗಿಟ್ಟು, "ಆಡಿ ಸರ್, ನಾಲ್ಕು ಸಲ ಮಲಗಿ ಎದ್ದೇಳಿ ಸಾಕು," ಅಂದರು. ಸಭೆಗಳ ಗಲಾಟೆಯಲ್ಲಿ ತಮ್ಮದೇ ಆಟವನ್ನು ಮುಟ್ಟಿ ಮೂರು ತಿಂಗಳಾಗಿತ್ತು ಅವರಿಗೆ. ಕೈ ಹೊಸಬರದಾಗಿತ್ತು. ನಾಲ್ಕನೇ ಸಲ ಏಳುವಾಗ ತಡವರಿಸಿ ಎರಡೂ ಗುಂಡಿ ಒತ್ತಿದರು. ತೆರೆಯ ಮೇಲೆ ಆಟ ಮೊದಲಿನಿಂದ ಶುರುವಾಯಿತು. ಮುಖ್ಯಸ್ಥ ಎದ್ದು ಹೋಗಿ ಪ್ರಕಾಶಕ ಸಂಸ್ಥೆಗೆ ಫೋನ್ ಮಾಡಿದರು.

ತಾರೀಕು ಹತ್ತೊಂಬತ್ತು ದಿನ ಮುಂದೆ ಹೋಯಿತು. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವುದಿಲ್ಲ ಎಂದರು ಸಂಸ್ಥೆಯವರು. ದೋಷ ಆಟದ ಬುಡದಲ್ಲೇ ಇದ್ದುದರಿಂದ ಅದನ್ನು ಕೀಳಲು ಎಲ್ಲರೂ ತಲೆ ಕೊಡಬೇಕಾಯಿತು. ಆಟದ ಕೊನೆಯಲ್ಲಿ ಬರುವ ಎರಡು ಊರುಗಳ ಕೆಲಸ ಅರ್ಧಕ್ಕೇ ನಿಂತು, ಅವನ್ನು ಕತ್ತರಿಸಿ ಹಾಕಿದರು. ಅವುಗಳಲ್ಲಿ ಒಂದು ಊರು ಆ ಚಿತ್ರದ ಹುಡುಗಿ ಏಳು ತಿಂಗಳು ಕೂತು ಬಿಡಿಸಿದ್ದು. ಗೋಡೆಯಕ್ಕ ಈ ಸಲ ಸಹಿ ಹಾಕಿದರು.

ವಿಮರ್ಶೆಗಳು ಬಂದವು. "ಚೆಲುವಾದ ಆಟ, ಆದರೆ ಥಟ್ಟನೆ ಮುಗಿದುಹೋಗುತ್ತದೆ." "ಕೊನೆಯಲ್ಲಿ ಏನನ್ನೋ ಕತ್ತರಿಸಿದಂತಿದೆ." ಸರಾಸರಿ ಎಪ್ಪತ್ತೊಂದು. ನಾಲ್ಕು ಅಂಕ ಕಡಿಮೆ. ಕರಾರಿನಲ್ಲಿ ಇದ್ದಂತೆಯೇ ಆಯಿತು: ಮುಂದಿನ ಆಟ ಇಲ್ಲ. ಸಹಿಗಾಗಿ ಕಾಯದೆ, ಆ ಎರಡು ಊರುಗಳ ಸಮೇತ ಕಳಿಸಿದ್ದರೆ ಎಪ್ಪತ್ತೈದು ಬರುತ್ತಿತ್ತೇನೋ. ಮೂರು ದಿನ ಆಡುವ ವಿಮರ್ಶಕರಲ್ಲಿ ಎಷ್ಟು ಜನರಿಗೆ ಆ ದೋಷ ಎದುರಾಗುತ್ತಿತ್ತೋ, ಯಾರಿಗೂ ಗೊತ್ತಿಲ್ಲ. ಕೋಣೆಯಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ ಗೋಡೆಯಕ್ಕ.

ಇಪ್ಪತ್ತಮೂರು ಜನರಿಗೆ ತಿಂಗಳ ಕೊನೆಯ ತನಕ ಮಾತ್ರ ಕೆಲಸ. ಆ ಪಟ್ಟಿಯಲ್ಲಿ ಗೋಡೆಯಕ್ಕನೂ ಇದ್ದಾರೆ, ಚಿತ್ರದ ಹುಡುಗಿಯೂ ಇದ್ದಾಳೆ. "ಅವಳ ಮುಖ ನೋಡೋಕೆ ನನಗೆ ಇವತ್ತಿಗೂ ಆಗಲ್ಲ. ಅವಳೇ ಬಂದು ಮಾತಾಡಿಸಿದ್ಲು. ಬೈದಿದ್ರೆ ಹಗುರ ಆಗ್ತಿತ್ತು," ಎನ್ನುತ್ತಾರೆ.

ಆದರೂ ಬೆಳಗಿನ ಆರಕ್ಕೆ ಬರುವುದನ್ನು ಬಿಟ್ಟಿಲ್ಲ. ಬಿಡುಗಡೆಯಾಗಿ ಐದು ವಾರ ಕಳೆದಿದೆ, ಒಂದು ಲಕ್ಷಕ್ಕೂ ಹೆಚ್ಚು ಜನ ಆಡಿದ್ದಾರೆ, ದೂರುಗಳನ್ನು ಓದಬೇಕು. ಕಥೆ ಚಿಕ್ಕದೆಂದು ದೂರಿದ್ದಾರೆ, ಬೆಟ್ಟ ಹತ್ತಿ ಹತ್ತಿ ಬೇಜಾರೆಂದು ದೂರಿದ್ದಾರೆ, ಅಂಚೆಯವನ ಟೋಪಿ ಚೆನ್ನಾಗಿಲ್ಲವೆಂದೂ ಒಬ್ಬರು ಮೂರು ಪುಟ ಬರೆದಿದ್ದಾರೆ. ಎಲ್ಲದಕ್ಕೂ ತಾಳ್ಮೆಯಿಂದ ಗುರುತು ಹಾಕುತ್ತಾರೆ.

ಪಕ್ಕದಲ್ಲಿ ಇನ್ನೊಂದು ಸ್ಟುಡಿಯೊದ ಕೆಲಸದ ಅರ್ಜಿ ಇದೆ. ಹೆಸರು, ವಯಸ್ಸು, ಅನುಭವ ತುಂಬಿಯಾಗಿದೆ. ಅದರ ಕೆಳಗೆ "ನೀವು ಕೆಲಸ ಮಾಡಿದ ಆಟಗಳು ಪಡೆದ ಅಂಕ" ಎಂದಿದೆ. ಈ ಉದ್ಯೋಗದಲ್ಲಿ ಅದನ್ನೂ ಕೇಳುತ್ತಾರೆ. ಐವತ್ತೆಂಟು, ಎಪ್ಪತ್ತೊಂದು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಕೆಲಸ ಸಿಗುತ್ತದೆಯೇ ಎಂದು ಕೇಳಿದರೆ ಹೆಗಲು ಹಾರಿಸಿ ನಗುತ್ತಾರೆ. ಹೋಗಲಿ, ಆಸೆ ಏನು ಎಂದರೆ ಪೆನ್ನಿನ ತುದಿಯಿಂದ ಆ ಅಂಕಗಳ ಕೆಳಗಿನ ಖಾಲಿ ಜಾಗ ತೋರಿಸುತ್ತಾರೆ.

"ಇಲ್ಲಿ ಇನ್ನೊಂದು ಸಾಲು ಇರಬೇಕಿತ್ತು. ಆಡಿದವರಲ್ಲಿ ಎಷ್ಟು ಜನರ ಆಟ ಅಳಿಸಿಹೋಯ್ತು ಅಂತ. ಈ ಸಲದ್ದಕ್ಕೆ ಸೊನ್ನೆ ಅಂತ ಬರೀತಿದ್ದೆ. ದೊಡ್ಡದಾಗಿ."