ರೈಲು ನಿಲ್ದಾಣದ ಹೇಳಿಕೆಗೆ ಒಂದು ತಿದ್ದುಪಡಿ

ಈವರೆಗೆ ನಾನು ಬರೆದಿರುವುದೆಲ್ಲ ಕಚೇರಿಯ ಪತ್ರಗಳು ಮಾತ್ರ. ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದ ನಾನು, ನರ್ಸ್ ಆಗಿರುವ ನನ್ನ ಪತ್ನಿಗೆ ಕಡಲಾಚೆಯ ವೆಲ್ಲಿಂಗ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸ ದೊರೆತ ಪ್ರಯುಕ್ತ ಅವಳೊಂದಿಗೆ ಇಲ್ಲಿಗೆ ಬಂದವನು. ಆದಕಾರಣ ಭಾಷೆಯಲ್ಲಿ ಕಡತದ ವಾಸನೆ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ಪ್ರಸ್ತುತ ವಿಷಯವು, ನಾನು ಕೇರ್‌ಗಿವರ್ ಆಗಿ ಕೆಲಸಕ್ಕೆ ಸೇರಿದ ವೃದ್ಧರ ನಿವಾಸದಲ್ಲಿದ್ದ ಒಬ್ಬ ಯೆಹೂದಿ ಮೇಷ್ಟರಿಗೆ ಸಂಬಂಧಿಸಿದ್ದಾಗಿರುತ್ತದೆ.

ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಶನಿವಾರಗಳಂದು ತಮ್ಮ ಪ್ರಾರ್ಥನಾ ಮಂದಿರದಲ್ಲಿ ಹಳೆಯ ಧರ್ಮಗ್ರಂಥಗಳ ಪಾಠವನ್ನೂ ಹೇಳುತ್ತಿದ್ದರು. ನಿವಾಸದಲ್ಲಿ ಎಲ್ಲರನ್ನೂ ಹೆಸರಿನಿಂದ ಕರೆಯುವ ಪದ್ಧತಿಯಿದ್ದರೂ ನನ್ನ ನಾಲಿಗೆ ಏಳಲಿಲ್ಲ. ನಮ್ಮ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

"ಈ ದೇಶದಲ್ಲಿ ಪ್ರಧಾನಿಯನ್ನೇ ಹೆಸರು ಹಿಡಿದು ಕರೀತಾರಯ್ಯ. ನಾನೇನು ನಿನ್ನ ಮೇಲಧಿಕಾರಿಯಾ?"

"ಅಭ್ಯಾಸ, ಸರ್."

"ಹಾಗಾದ್ರೆ ನಾನೂ ನಿನ್ನನ್ನ ಗುಮಾಸ್ತರೇ ಅಂತ ಕರೀತೀನಿ. ಅನುಭವಿಸು."

ಮೇಷ್ಟರ ಬಾಲ್ಯ ಕಳೆದದ್ದು ಯುರೋಪಿನ ಒಂದು ಸಣ್ಣ ಊರಿನಲ್ಲಿ. ನಾಜಿಗಳು ಅಲ್ಲಿನ ಯೆಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದಾಗ ಅವರ ತಾಯಿಯೂ ಹೋದರು, ಮತ್ತೆ ಬರಲಿಲ್ಲ. ಈ ಸಂಗತಿಯನ್ನು ಅವರು ವರ್ಷವರ್ಷವೂ ಶಾಲಾ ಮಕ್ಕಳಿಗೆ ಹೇಳುತ್ತಿದ್ದರು. ಅವರ ಸಮುದಾಯದವರು ಅದನ್ನು ಟೇಪಿನಲ್ಲಿಯೂ ದಾಖಲಿಸಿಕೊಂಡಿದ್ದರು. ರೈಲು ಹೊರಡುವಾಗ ತಾಯಿ ಕಿಟಕಿಯಿಂದ ಒಂದು ಬ್ರೆಡ್ಡನ್ನು ಅವರ ಕೈಗಿತ್ತು, "ಓದೋದು ನಿಲ್ಲಿಸಬೇಡ" ಎಂದರೆಂಬುದು ಆ ಹೇಳಿಕೆಯ ಮುಖ್ಯಾಂಶ. ಅದನ್ನು ಕೇಳಿದ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋಗಿದ್ದೆ.

ಹೀಗಿರುವಲ್ಲಿ ಮೇಷ್ಟರ ಸೋದರತ್ತೆಯ ಮಗಳು ಮೆಲ್ಬರ್ನ್‌ನಿಂದ ಅವರನ್ನು ನೋಡಲು ಬಂದರು. ವಯಸ್ಸಿನಲ್ಲಿ ಮೇಷ್ಟರಿಗಿಂತ ದೊಡ್ಡವರು. ಆಕೆಯ ತಂದೆ ಕ್ರೈಸ್ತರಾದ್ದರಿಂದ ಆ ಮನೆಗೆ ಕೆಲಕಾಲ ಅಪಾಯವಿರಲಿಲ್ಲ. ಹುಡುಗನಾಗಿದ್ದ ಮೇಷ್ಟರನ್ನು ಬಚ್ಚಿಟ್ಟು ಉಳಿಸಿದ್ದು ಅಲ್ಲಿಯೇ. ನಾನು ಚಹಾ ಕೊಡುತ್ತಿದ್ದಾಗ ಮಾತು ರೈಲಿನತ್ತ ಹೊರಳಿತು.

"ನೀನು ಸ್ಟೇಷನ್ನಿಗೆ ಬಂದೇ ಇರಲಿಲ್ಲವಲ್ಲೋ," ಎಂದರು ಆಕೆ.

"ಬಂದಿದ್ದೆ. ಕಿಟಕಿಯಿಂದ ಬ್ರೆಡ್ ಕೊಟ್ಟಳು."

"ಕೊಟ್ಟಿದ್ದು ನನ್ನ ಕೈಗೆ. ನಿನಗೆ ಮೈ ಸುಡುವ ಜ್ವರ. ಹಿಂದಿನ ಸಂಜೆ ನಿಮ್ಮಮ್ಮ ನಮ್ಮನೆಗೆ ಬಂದು ನಿನ್ನ ಮಂಚದ ಹತ್ತಿರ ಕೂತಿದ್ರು. ಎಬ್ಬಿಸಲಾ ಅಂತ ನಮ್ಮಮ್ಮ ಕೇಳಿದ್ರು. ಬೇಡ, ಮಲಗಲಿ ಅಂದ್ರು."

"ಓದೋದು ನಿಲ್ಲಿಸಬೇಡ ಅಂದಳಲ್ಲ?"

"ಆ ಗದ್ದಲದಲ್ಲಿ ಏನಂದ್ರೋ. ನನಗಂತೂ ಒಂದು ಮಾತೂ ಕೇಳಿಸಲಿಲ್ಲ."

ಆಕೆ ಹೊರಟುಹೋದ ಮೇಲೆ ಮೇಷ್ಟರು ಕೆಲವು ದಿನ ಊಟದ ತಟ್ಟೆಯನ್ನು ಮುಟ್ಟದೆ ಹಿಂದಿರುಗಿಸಿದರು. ನಾನು ಸಮಾಧಾನ ಹೇಳಲು ಹೋಗಿ, ಆಕೆಗೂ ವಯಸ್ಸಾಗಿದೆ, ಮರೆತಿರಬಹುದು ಎಂದೆ.

"ನಾನೂ ಹಾಗೇ ಅಂದುಕೊಂಡೆ, ಗುಮಾಸ್ತರೇ. ಆದರೆ ನನ್ನ ನೆನಪಿನಲ್ಲಿ, ಸ್ಟೇಷನ್ನಿನಲ್ಲಿ ನಿಂತಿರೋ ಹುಡುಗ ಕಂದು ಕೋಟು ಹಾಕಿದ್ದಾನೆ. ಆ ಕೋಟು ಅಮ್ಮ ಹೋದ ಮೇಲೆ ಅತ್ತೆ ಹೊಲಿಸಿಕೊಟ್ಟಿದ್ದು." ತಟ್ಟೆಯನ್ನು ನನ್ನತ್ತ ಸರಿಸಿ, "ಮಲಗಿದ್ದೆನಯ್ಯ," ಎಂದರು.

ಮತ್ತೊಂದು ದಿನ, ನಮ್ಮ ಕಚೇರಿಯಲ್ಲಿ ದಾಖಲೆಯೊಂದು ತಪ್ಪೆಂದು ಕಂಡುಬಂದರೆ ಏನು ಮಾಡುತ್ತಿದ್ದೆವೆಂದು ಕೇಳಿದರು. ಅಳಿಸುವಂತಿಲ್ಲ, ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು ಎಂದು ತಿಳಿಸಿದೆ. ಅವರು ಮೇಜಿನ ಮೇಲಿದ್ದ ದಪ್ಪ ಧರ್ಮಗ್ರಂಥವೊಂದನ್ನು ತೆರೆದು ತೋರಿಸಿದರು. ಪುಟದ ನಡುವೆ ಮೂಲ. ಸುತ್ತಲೂ ಸಣ್ಣ ಅಕ್ಷರಗಳಲ್ಲಿ ಬೇರೆ ಬೇರೆ ಕಾಲದವರ ವಾದಗಳು. ವಾದದಲ್ಲಿ ಸೋತವನ ಮಾತನ್ನೂ ಅಲ್ಲಿ ಉಳಿಸಿದ್ದಾರೆ. ತಾನು ಕಲಿಸಿದ್ದು ತಪ್ಪಾಗಿತ್ತೆಂದು ಶಿಷ್ಯರ ಮುಂದೆ ಹೇಳಿದ ಗುರುವಿನ ಪಾಠವೂ ಇದೆ, ಅದನ್ನು ಆತ ಹಿಂತೆಗೆದುಕೊಂಡ ಸಂಗತಿಯೂ ಇದೆ. "ನಾನೂ ಹಾಗೇ ಮಾಡಬೇಕು. ಬೇಗ ಮಾಡಬೇಕು," ಎಂದರು. ಅವರಿಗೆ ಮರೆವಿನ ಕಾಯಿಲೆ ಆರಂಭವಾಗಿದೆಯೆಂದು ವೈದ್ಯರು ಅದಾಗಲೇ ತಿಳಿಸಿದ್ದರು.

ಇದಕ್ಕೆ ಆಕ್ಷೇಪಣೆ ಬಂದದ್ದು ಅವರ ಮಗಳಿಂದ. ಸ್ವತಃ ಡಾಕ್ಟರಾಗಿದ್ದ ಆಕೆ ಟೇಪುಗಳನ್ನು ಕಾಪಾಡುವ ಸಮಿತಿಯ ಸದಸ್ಯೆಯೂ ಆಗಿದ್ದರು.

"ಅಪ್ಪಾ, ಆ ರೈಲು, ಆ ಕೊಲೆ ಏನೂ ನಡೆದೇ ಇಲ್ಲ ಅನ್ನೋ ಜನ ಹೊರಗೆ ಕಾದು ಕೂತಿದಾರೆ. ನೀವಾಗಿ ಅವರ ಕೈಗೆ ಕಲ್ಲು ಕೊಡ್ತೀರಾ?"

"ನಾನು ಹೇಳೋದು ಅವರಿಗಲ್ಲ, ಮಕ್ಕಳಿಗೆ. ಆಧಾರ ಎಲ್ಲಿ, ಆಧಾರ ಎಲ್ಲಿ ಅಂತ ಹುಡುಗರ ಕಿವಿ ಹಿಂಡಿದವನು ನಾನು."

"ಸರಿ. ಹಳೇ ಟೇಪು ತೆಗೆದು ಹೊಸದು ಇಡೋಣ. ಯಾರಿಗೂ ಗೊತ್ತಾಗಲ್ಲ."

"ಎರಡೂ ಇರಬೇಕು. ನಾನು ತಪ್ಪು ಹೇಳಿದ್ದೂ ನಡೆದದ್ದೇ ತಾನೇ?"

ಆಕೆಯ ಧ್ವನಿ ಏರಿತು. "ಡನೀಡಿನ್ ಕಾಲೇಜಿನಿಂದ ಫೋನ್ ಮಾಡಿ ಮೆಡಿಕಲ್ ಸಾಕು, ಬಿಟ್ಟು ಬರ್ತೀನಿ ಅಂದಾಗೆಲ್ಲ, ಅಜ್ಜಿ ಹೇಳಿಹೋದದ್ದು ಅದೊಂದೇ ಮಾತು ಅಂತಿದ್ರಿ. ಆ ಮಾತಿಗೆ ಕಟ್ಟುಬಿದ್ದು ಓದಿದೆ. ಅಜ್ಜಿಯದು ಅಂತ ನನ್ನ ಹತ್ತಿರ ಬೇರೆ ಏನಿದೆ? ಒಂದು ಫೋಟೋನೂ ಇಲ್ಲ."

ಅಂದು ಆಕೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಧರಿಸದೆಯೇ, ಹೊರಗಿನ ಚಳಿಗಾಳಿಯಲ್ಲಿ ಕಾರಿನವರೆಗೆ ನಡೆದುಹೋದರು.

ಕೆಲವು ವಾರಗಳ ನಂತರ ಆಕೆಯೇ ರೆಕಾರ್ಡರನ್ನು ತಂದರು. ತಂದೆ ಮಾತಾಡಿದರು, ಮಗಳು ಯಂತ್ರ ಹಿಡಿದು ಕುಳಿತಿದ್ದರು. ತಾಯಿಯ ಕೊನೆಯ ಮಾತು ತನಗೆ ತಿಳಿದಿಲ್ಲ, ತಿಳಿಯುವ ದಾರಿಯೂ ಉಳಿದಿಲ್ಲ ಎಂಬಲ್ಲಿಗೆ ಹೇಳಿಕೆ ಮುಕ್ತಾಯವಾಯಿತು. ಆದರೆ ಆಕೆ ಅದನ್ನು ಸಮಿತಿಗೆ ಒಪ್ಪಿಸಲಿಲ್ಲ. ಸ್ವಲ್ಪ ಕಾಲ ಬೇಕು ಎಂದರು.

ಮರುವರ್ಷದ ಹೊತ್ತಿಗೆ ಮೇಷ್ಟರಿಗೆ ಆ ತಿದ್ದುಪಡಿಯೇ ಮರೆತುಹೋಯಿತು. ಅತ್ತೆಯ ಮಗಳು ಬಂದದ್ದೂ ಮರೆಯಿತು. ಉಳಿದದ್ದು ರೈಲು, ಕಿಟಕಿ, ಬ್ರೆಡ್ಡು. ಸ್ನಾನ ಮಾಡಿಸುವಾಗ ನನ್ನ ತೋಳನ್ನು ಹಿಡಿದು, "ನನಗೆ ಕೊಟ್ಟಳು, ನನ್ನ ಕೈಗೇ ಕೊಟ್ಟಳು," ಎನ್ನುತ್ತಿದ್ದರು. ನಾನು ಹೂಂ ಎನ್ನದೆ ನೀರು ಹೊಯ್ಯುತ್ತಿದ್ದೆ.

ಮನೆಯಲ್ಲಿ ಈ ವಿಚಾರ ಪ್ರಸ್ತಾಪಿಸಿದಾಗ ಪತ್ನಿ ರೇಗಿದಳು. "ರೀ, ಹೂಂ ಅನ್ನೋದಕ್ಕೆ ನಿಮಗೇನು ಕಷ್ಟ? ಅವರನ್ನ ತಿದ್ದಬೇಡಿ ಅಂತ ಟ್ರೈನಿಂಗಲ್ಲಿ ಹೇಳಿಲ್ವಾ? ಪ್ರತಿ ಸಲ ನಿಜ ಹೇಳಿದ್ರೆ ಪ್ರತಿ ಸಲ ಅವರಮ್ಮನ್ನ ಕಳಕೋತಾರೆ."

ಅವಳ ಮಾತು ಸರಿಯಾಗಿತ್ತು. ಹೂಂ ಎನ್ನತೊಡಗಿದೆ. ಮಗಳೂ ಹೂಂ ಎನ್ನುತ್ತಿದ್ದರು. ಒಮ್ಮೆ ಕಾರಿಡಾರಿನಲ್ಲಿ ನನ್ನನ್ನು ತಡೆದು, "ಮೆಲ್ಬರ್ನ್‌ನಲ್ಲಿ ಅಪ್ಪನ ಅತ್ತೆ ಮಗಳು ಹೋಗಿಬಿಟ್ಟರು. ಇನ್ನು ಗೊತ್ತಿರೋದು ನನಗೆ, ನಿಮಗೆ ಇಬ್ಬರಿಗೇ," ಎಂದರು. ಸುಮ್ಮನಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಉತ್ತರಿಸುತ್ತಿದ್ದೆನೆಂದು ಈಗಲೂ ಖಚಿತವಾಗಿ ಹೇಳಲಾರೆ.

ಮೇಷ್ಟರು ಚಳಿಗಾಲದಲ್ಲಿ ತೀರಿಕೊಂಡರು. ಅವರ ಪದ್ಧತಿಯಂತೆ ತಡಮಾಡದೆ, ಗುಡ್ಡದ ಇಳಿಜಾರಿನ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ತಲೆಗೆ ಕೊಟ್ಟಿದ್ದ ಸಣ್ಣ ಟೋಪಿ ಗಾಳಿಗೆ ಹಾರದಂತೆ ಕೈಯಲ್ಲಿ ಒತ್ತಿ ಹಿಡಿದು ನಾನು ಹಿಂದೆ ನಿಂತಿದ್ದೆ. ಮಗಳು ಮಾತಾಡಲು ಮುಂದೆ ಬಂದಾಗ ಬ್ರೆಡ್ಡಿನ ಕಥೆ ಬರುವುದೆಂದು ಎಲ್ಲರಿಗೂ ಗೊತ್ತಿತ್ತು; ಕೆಲವರು ಆಗಲೇ ಕರವಸ್ತ್ರ ತೆಗೆದಿದ್ದರು.

"ಅಪ್ಪ ಸ್ಟೇಷನ್ನಿನಲ್ಲಿ ಇರಲಿಲ್ಲ," ಎಂದರು ಆಕೆ. "ಜ್ವರ ಬಂದು ಮಲಗಿದ್ದರು. ಅವರಮ್ಮ ಎಬ್ಬಿಸಲಿಲ್ಲ. ಬ್ರೆಡ್ ಬಂದದ್ದು ನಿಜ, ಬೇರೆಯವರ ಕೈಯಲ್ಲಿ ಬಂತು. ಅಜ್ಜಿ ಏನಾದರೂ ಹೇಳಿದರೋ ಇಲ್ಲವೋ ನಮಗೆ ಗೊತ್ತಿಲ್ಲ. ಅಪ್ಪ ವರ್ಷಗಟ್ಟಲೆ ಬೇರೆ ರೀತಿ ಹೇಳಿದರು. ತಪ್ಪು ಅಂತ ತಿಳಿದಾಗ ತಪ್ಪು ಅಂದರು. ಆ ಟೇಪು ನನ್ನ ಬಳಿಯಿದೆ. ನಾಳೆ ಸಮಿತಿಗೆ ಕೊಡ್ತೀನಿ."

ಯಾರೂ ಅಳಲಿಲ್ಲ. ಜನರಲ್ಲಿ ಪಿಸುಮಾತು ಹರಡಿತು. ಆಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕುವ ಸರದಿ. ಅಲ್ಲಿ ಸನಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಹಾಕಿದವರು ಅದನ್ನು ಮಣ್ಣಿನ ಗುಡ್ಡೆಗೆ ನೆಡಬೇಕು, ಮುಂದಿನವರು ತಾವೇ ಕಿತ್ತುಕೊಳ್ಳಬೇಕು. ವಯಸ್ಸಾದ ಹೆಂಗಸೊಬ್ಬರು ಸನಿಕೆ ನೆಟ್ಟು ಮಗಳತ್ತ ತಿರುಗಿದರು.

"ಎಷ್ಟು ಚೆನ್ನಾಗಿತ್ತಮ್ಮ ಆ ಮಾತು. ಇವತ್ತೊಂದು ದಿನ ಅದನ್ನ ಹಾಗೇ ಬಿಟ್ಟಿದ್ದರೆ ಆಗ್ತಿರಲಿಲ್ಲವಾ?"

"ಚೆನ್ನಾಗಿತ್ತು, ಆಂಟಿ," ಎಂದು ಆಕೆ ಸನಿಕೆಯನ್ನು ಕಿತ್ತುಕೊಂಡರು.