ಮೂಗಿಗೆ ತೂತಿಲ್ಲದ ವಿಮಾನ

ಮೊನ್ನೆ ಮಗಳು ಉಗುರಿನ ಬಣ್ಣ ಅಳಿಸಿಕೊಳ್ಳಲು ಸಣ್ಣ ಬಾಟಲಿಯೊಂದರ ಮುಚ್ಚಳ ತೆಗೆದಳು. ಮೂಗಿಗೆ ಕಟುವಾಗಿ, ಗಂಟಲಿಗೆ ಸ್ವಲ್ಪ ಸಿಹಿಯಾಗಿ ಹತ್ತುವ ಆ ವಾಸನೆ ಮನೆಯೆಲ್ಲ ತುಂಬಿತು. ಇಂಥ ವಾಸನೆ ಬಡಿದೊಡನೆ ಬಾಲ್ಯ ನೆನಪಾಗಿ ಕಣ್ಣು ಒದ್ದೆಯಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಮೊದಲು ಬಂದದ್ದು ಸಿಟ್ಟು. ದಾಂಡೇಲಿಯ ನಮ್ಮ ಕಾಕಾನ ಮನೆಯಲ್ಲಿ, ನಾವೇ ಜೋಡಿಸಬೇಕಾದ ಪ್ಲಾಸ್ಟಿಕ್ಕಿನ ವಿಮಾನದ ಡಬ್ಬಿಯೊಳಗಿಂದ ಹೊರಬೀಳುತ್ತಿದ್ದ ಗೋಂದಿನ ಟ್ಯೂಬಿನ ವಾಸನೆ ಅದು. ಆ ಗೋಂದಿಗೆ ವಾಸನೆಯೊಂದೇ ಬಂಡವಾಳ. ವಿಮಾನವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅದು ಅಂಟಿಸುತ್ತಿತ್ತು: ಬೆರಳಿಗೆ ಬೆರಳು, ಚಾಪೆಗೆ ಹಾಳೆ, ಒಮ್ಮೆ ನನ್ನ ಜಡೆಗೆ ಒಂದು ರೆಕ್ಕೆ. ರೆಕ್ಕೆಯನ್ನು ವಿಮಾನಕ್ಕೆ ಅಂಟಿಸು ಎಂದರೆ ಮಾತ್ರ ಎರಡು ಗಳಿಗೆ ಹಿಡಿದಂತೆ ಮಾಡಿ ಕೈಬಿಡುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಮಕ್ಕಳಾಗಿದ್ದವರಿಗೆ ಆ ಡಬ್ಬಿಗಳ ನೆನಪಿರಬಹುದು. ತೆಳು ರಟ್ಟಿನ ಡಬ್ಬಿಯ ಮೇಲೆ ಬಣ್ಣದ ಚಿತ್ರ. ಮೋಡ ಸೀಳಿಕೊಂಡು ಬರುವ ಯುದ್ಧವಿಮಾನ, ಕೆಳಗೆ ಹೊತ್ತಿ ಉರಿಯುವ ಟ್ಯಾಂಕುಗಳು. ತೆರೆದರೆ ಒಳಗೆ ಬಟ್ಟೆ ಸಾಬೂನಿನ ನೀಲಿಯ, ಬಕೀಟು ಮಾಡಿ ಮಿಕ್ಕ ಪ್ಲಾಸ್ಟಿಕ್ಕಿನಂಥ ತುಂಡುಗಳು. ಪ್ರತಿ ತುಂಡಿನ ಅಂಚಿಗೂ ಅಚ್ಚಿನಿಂದ ಸೋರಿ ಗಟ್ಟಿಯಾದ ಪೊರೆ, ದೋಸೆಯ ಸುತ್ತ ಒಣಗಿದ ಹಿಟ್ಟಿನ ಹಾಗೆ. ವಿಮಾನದ ಎರಡು ಹೋಳುಗಳನ್ನು ತಲೆಯ ಕಡೆ ಕೂಡಿಸಿದರೆ ಬಾಲ ಬಿಡುತ್ತಿತ್ತು, ಬಾಲ ಕೂಡಿಸಿದರೆ ಹೊಟ್ಟೆ ಬಾಯಿ ತೆರೆಯುತ್ತಿತ್ತು. ಪೈಲಟ್ಟನ ಮೇಲೆ ಮುಚ್ಚುವ ಗಾಜು ಮಜ್ಜಿಗೆಯಷ್ಟು ಮಬ್ಬು. ಅದೊಂದು ಪುಣ್ಯ, ಏಕೆಂದರೆ ಒಳಗಿನ ಪೈಲಟ್ಟನಿಗೆ ಸೊಂಟದ ಕೆಳಗೆ ಏನೂ ಇರುತ್ತಿರಲಿಲ್ಲ, ಮುಖದಲ್ಲಿ ಕಣ್ಣೂ ಇರುತ್ತಿರಲಿಲ್ಲ. ರೆಕ್ಕೆಗೆ ಹಚ್ಚುವ ನಮ್ಮ ವಾಯುಪಡೆಯ ಗುರುತಿನಲ್ಲಿ ಕೇಸರಿ ಇರಬೇಕಾದಲ್ಲಿ ಹಸಿರು, ಹಸಿರು ಇರಬೇಕಾದಲ್ಲಿ ಕೇಸರಿ. ಇದನ್ನು ಮಾಡಿದವರು ವಿಮಾನ ನೋಡಿರಲಿಲ್ಲ ಎನ್ನುವುದನ್ನು ಕ್ಷಮಿಸಬಹುದು. ನಮ್ಮ ಓಣಿಯಲ್ಲೂ ಯಾರೂ ಹತ್ತಿರದಿಂದ ನೋಡಿದವರಿರಲಿಲ್ಲ. ಆದರೆ ಅವರು ತಮ್ಮದೇ ಡಬ್ಬಿಯ ಮೇಲಿನ ಚಿತ್ರವನ್ನೂ ನೋಡಿರಲಿಲ್ಲ. ಹುಡುಗರಿಗೆ ಇಷ್ಟು ಸಾಕು ಎಂಬ ಆ ಉಡಾಫೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬಾರದೆಂದು ಕಲಿಸಿದವರು ಇಬ್ಬರು, ಗುರುನಾಥ ಕಾಕಾ ಮತ್ತು ಅವನ ಹೆಂಡತಿ ಪ್ರಮೀಳಾ ಕಾಕು.

ಕಾಕಾ ನನ್ನ ಅಪ್ಪನ ತಮ್ಮ. ವಾಯುಪಡೆಯಲ್ಲಿದ್ದು ಬಂದವನು ಎಂದೊಡನೆ ಜನ ನೆಟ್ಟಗೆ ಕೂರುತ್ತಿದ್ದರು. ಅಲ್ಲಿ ಅವನು ಅಡುಗೆಯವನಾಗಿದ್ದ ಎಂದು ತಿಳಿದ ಮೇಲೆ ಮತ್ತೆ ಒರಗಿ ಕೂರುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದಾಚೆ ರನ್‌ವೇ ಇತ್ತಂತೆ. ವಿಮಾನ ಏಳುವಾಗ ತಾಟುಗಳೆಲ್ಲ ನಡುಗುತ್ತಿದ್ದವಂತೆ. ಅವನು ಬಟಾಟಿ ಹೆಚ್ಚುತ್ತ ದಿನವೂ ಅವನ್ನೇ ನೋಡುತ್ತಿದ್ದ. ಒಮ್ಮೆಯೂ ಒಳಗೆ ಕೂತವನಲ್ಲ. ಆ ಸದ್ದಿಗೆ ಅವನ ಒಂದು ಕಿವಿ ಮಂದವಾಗಿತ್ತು, ಹೀಗಾಗಿ ಮೆಲ್ಲಗೆ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ನೌಕರಿ ಮುಗಿಸಿ ಬಂದು ದಾಂಡೇಲಿಯ ಕಾಗದದ ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದಾಗ ಓಣಿಯವರು ಅವನಿಗೆ ಬಟಾಟಿ ಪೈಲಟ್ ಎಂದು ಹೆಸರಿಟ್ಟಿದ್ದರು. ಕಾಕಾನಿಗೆ ಅದು ತಿಳಿದಿತ್ತು. ಹೆಸರಿಟ್ಟವರ ಬಗ್ಗೆ ಅವನಿಗಿದ್ದ ಅಭಿಪ್ರಾಯ ಇನ್ನೂ ಕೆಟ್ಟದಾಗಿತ್ತು.

ಹಳಿಯಾಳದಲ್ಲಿ ಒಂದು ಕನ್ಯೆ ಇದೆಯೆಂದು ಸುದ್ದಿ ಬಂತು. ತಂದೆಯದು ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ. ನೋಡಲು ಹೋದವರಲ್ಲಿ ಅಪ್ಪ, ಅವ್ವ, ಕಾಕಾ, ಅವ್ವನ ತೊಡೆಯ ಮೇಲೆ ನಾನು. ಅವತ್ತಿನದನ್ನು ಅವ್ವ ಎಷ್ಟು ಸಲ ಹೇಳಿದ್ದಾಳೆಂದರೆ ಅದೆಲ್ಲ ನನ್ನದೇ ನೆನಪಾಗಿಬಿಟ್ಟಿದೆ. ನಡುಮನೆಯ ಗಾಜಿನ ಕಪಾಟಿನಲ್ಲಿ ಬೆಳ್ಳಿಬಣ್ಣ ಬಳಿದ ವಿಮಾನವೊಂದಿತ್ತು. ಅಳಿಯನಾಗಲಿರುವವನಿಗೆ ಗೌರವ ತೋರಿಸಲೆಂದು ಮಾವನವರು ಅದನ್ನು ಹೊರಗೆ ತೆಗೆದು ಕೈಗೆ ಕೊಟ್ಟರು. "ನಮ್ಮ ಪ್ರಮೀಳಾನ ಜೋಡಿಸ್ಯಾಳ್ರೀ. ಮಿಗ್ ವಿಮಾನ. ನೀವಂತೂ ಖರೇನ ನೋಡಿದಾವ್ರು."

ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿದ. ಅವ್ವ ಕಣ್ಣಿನಲ್ಲೇ ಬೇಡವೆಂದಳು. ಅವನು ನೋಡಲಿಲ್ಲ.

"ನೋಡೇನ್ರಿ, ಅದಕ್ಕ ಹೇಳಾಕತ್ತೇನಿ. ಇದು ಮಿಗ್ ಅಲ್ರಿ. ಮಿಗ್ಗಿಗೆ ಮೂಗಿನಾಗ ದೊಡ್ಡ ತೂತು ಇರತೈತಿ. ಇದರದು ಮುಚ್ಚೇ ಬಿಟ್ಟಾರ. ಉಸಿರಾಡೂದು ಹೆಂಗ? ಇದು ಗಜ್ಜರಿ ಐತ್ರಿ."

ಅವನ ಮೆಲ್ಲಗಿನ ದನಿಯೇ ಬೀದಿಗೆ ಕೇಳುವಂಥದು. ಅಪ್ಪ ಚಹಾದ ಬಸಿ ಕೆಳಗಿಟ್ಟರು. ಮಾವನವರ ಮುಖ ಬಿಗಿಯಿತು. ಆಗ ಅಡುಗೆಮನೆಯ ಬಾಗಿಲಿನಿಂದ ಶಿರಾದ ತಾಟು ಹಿಡಿದಿದ್ದ ಹುಡುಗಿ ಮಾತಾಡಿದಳು. ಕನ್ಯೆ ನೋಡುವ ದಿನ ಕನ್ಯೆ ಕೇಳಿದ್ದಕ್ಕಷ್ಟೇ ಉತ್ತರ ಹೇಳುವ ಕಾಲವದು.

"ತೂತು ಒಂದ ಕಂಡತೇನ್ರಿ ನಿಮಗ? ಗಾಲಿ ನೋಡ್ರಿ, ಎರಡೂ ಎಡಗಡೀವ ಕೊಟ್ಟಾರ. ಬಲಗಡಿ ರೆಕ್ಕಿ ಒಂದು ಬೆರಳು ಗಿಡ್ಡ ಐತಿ. ಡಬ್ಬಿ ಮ್ಯಾಲಿನ ಚಿತ್ರಾ ತಗದಾಂವಗ, ಒಳಗಿಂದು ಮಾಡಿದಾಂವಗ ಜಗಳ ಇದ್ದಿರಬೇಕು."

ಕಾಕಾ ಗಾಲಿ ನೋಡಿದ. ರೆಕ್ಕೆಗೆ ಬೆರಳಿಟ್ಟು ಅಳೆದ. ತಲೆ ಎತ್ತಿ ಅವಳನ್ನು ನೋಡಿದ. ಅವನು ಹಾಗೆ ಒಬ್ಬರ ಮುಖವನ್ನು ತಪ್ಪು ಹುಡುಕದೆ ನೋಡಿದ್ದು ಅದೇ ಮೊದಲು ಎಂದು ಅವ್ವ ಹೇಳುತ್ತಿದ್ದಳು. ಮಾವನವರು ಮಾತ್ರ ಅವತ್ತೇ ಸಂಬಂಧ ಮುರಿದರು. ಮನೆಗೆ ಬಂದು ಮಗಳ ಕೈಕೆಲಸಕ್ಕೆ ಗಜ್ಜರಿ ಅಂದವನಿಗೆ ಹೆಣ್ಣು ಕೊಡುವುದಿಲ್ಲ ಎಂದರು. ಹುಡುಗಿ ಹಟ ಹಿಡಿದಳು. ಊರೆಲ್ಲ ಚಂದ ಐತಿ, ಚಂದ ಐತಿ ಅಂತ ಸುಳ್ಳು ಹೇಳಿ ಹೋಗುತ್ತದೆ, ಕಣ್ಣಿದ್ದವನು ಇವನೊಬ್ಬ ಬಂದ, ಇವನನ್ನು ಬಿಟ್ಟು ಬೇರೆಯವರ ಮುಂದೆ ಶಿರಾ ಹಿಡಿದು ಬರುವುದಿಲ್ಲ ಎಂದಳಂತೆ. ಸುಗ್ಗಿ ಮುಗಿಯುವ ಹೊತ್ತಿಗೆ ತಂದೆ ಸೋತರು. ಮದುವೆಯಾಯಿತು.

ಅವರ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು, ಕಾರ್ಮಿಕರ ಸಾಲುಮನೆಗಳಲ್ಲಿ. ಬಿದಿರು ತುಂಬಿದ ಲಾರಿಗಳು ಬಾಗಿಲ ಮುಂದೆಯೇ ಹೋಗುತ್ತಿದ್ದವು. ಬಿದಿರು ಬೇಯುವ ಗಬ್ಬು ವಾಸನೆ ಗಾಳಿ ತಿರುಗಿದಾಗಲೆಲ್ಲ ಒಳಗೆ ಬರುತ್ತಿತ್ತು. ನಮಗೆ ಅದು ವಾಸನೆಯೆಂದು ಗೊತ್ತಾಗುತ್ತಿದ್ದುದು ನೆಂಟರು ಮೂಗು ಮುಚ್ಚಿಕೊಂಡಾಗಲಷ್ಟೆ. ರವಿವಾರ ಊಟವಾದ ಮೇಲೆ ಕಾಕಾ ಚಾಪೆ ಹಾಸಿ ಹೊಸ ಡಬ್ಬಿ ತೆರೆಯುತ್ತಿದ್ದ. ಸ್ಟೋವಿನ ಮೇಲೆ ಚಾಕು ಕಾಯಿಸಿ ಪೊರೆ ಕತ್ತರಿಸುವುದು ಅವನ ಕೆಲಸ, ಕಾನಸು, ಅಂದರೆ ಅರ, ಹಿಡಿದು ತಿಕ್ಕುವುದು ಕಾಕುವಿನದು. ತುಂಡುಗಳನ್ನು ಒಂದೊಂದಾಗಿ ಎತ್ತಿಕೊಡುವುದು ನನ್ನದು. ಒಂದೊಂದು ತುಂಡಿಗೂ ಒಂದೊಂದು ಬೈಗುಳ. ಇದು ರೆಕ್ಕಿಯೋ ಲಟ್ಟಣಗಿಯೋ ಎಂದು ಅವನು ಕೇಳಿದರೆ, ಲಟ್ಟಣಗಿ ಆದರೂ ಎರಡೂ ಕಡೆ ಸಮ ಇರತೈತಿ ಎಂದು ಅವಳು. ಇಷ್ಟೆಲ್ಲ ಆದ ಮೇಲೆ ಅವರ ರಿಪೇರಿಯಾದರೂ ಚೆನ್ನಾಗಿತ್ತೆಂದು ನೀವು ಭಾವಿಸಬಾರದು. ಅದು ಇನ್ನೂ ಹೊಲಸಾಗಿರುತ್ತಿತ್ತು. ಮಿಗ್ಗಿನ ಮೂಗಿಗೆ ಕಾಯಿಸಿದ ಮೊಳೆ ಚುಚ್ಚಿ ತೂತು ಮಾಡಲು ಹೋಗಿ ಅದಕ್ಕೆ ಹಂದಿಯ ಮೂತಿ ಬಂದಿತ್ತು. ಬಿರುಕು ಮುಚ್ಚಲು ಮೇಣ ಮತ್ತು ಕಟ್ಟಿಗೆಪುಡಿ ತುಂಬಿದ ಬಾಂಬರಿಗೆ ಗೆದ್ದಲು ಹತ್ತಿತು. ಮುಗಿದ ಮೇಲೆ ಇಬ್ಬರೂ ದೂರ ಸರಿದು ನೋಡಿ, "ಥೂ" ಎಂದು ಒಟ್ಟಿಗೆ ಅಂದು, ತೃಪ್ತಿಯಿಂದ ಕಪಾಟಿನಲ್ಲಿಡುತ್ತಿದ್ದರು.

ಒಮ್ಮೆ ಡಬ್ಬಿ ಮಾರಿದ ಹಳಿಯಾಳದ ಅಂಗಡಿಗೇ ಜಗಳಕ್ಕೆ ಹೋದರು. ನನ್ನನ್ನೂ ಕರೆದೊಯ್ದಿದ್ದರು. ಬಳೆ, ರಿಬ್ಬನ್ನು, ಆಟಿಕೆ ಮಾರುವ ಅಂಗಡಿಯವನು ಸಂಭಾವಿತ. ಡಬ್ಬಿಯನ್ನು ತಿರುಗಿಸಿ ನೋಡಿ ನಗುತ್ತ, "ಹಾರಿಸಾವ್ರೇನ್ರಿ ನೀವು? ಕಪಾಟಿನಾಗ ಇಡೂದಲ್ಲೇನ್ರಿ, ಹೆಂಗಿದ್ರೇನು?" ಎಂದ. ಅವನ ತಲೆಯ ಮೇಲೆ ಅವನ ತಂದೆಯ ಫೋಟೋ ಹಾರ ಹಾಕಿಕೊಂಡು ತೂಗುತ್ತಿತ್ತು. ಕಾಕು ಅದನ್ನು ತೋರಿಸಿ, "ಅವರೂ ಅಲ್ಲೇ ಇರಾವ್ರಲ್ರೀ. ಮೂಗು ಇಲ್ಲದ ಫೋಟೋ ತಗಸಿದ್ದರ ನಡೀತಿತ್ತೇನ್ರಿ?" ಎಂದಳು. ಅಂಗಡಿಯವನ ನಗು ಹೋಯಿತು. ಡಬ್ಬಿಯನ್ನಂತೂ ಅವನು ಹಿಂದೆ ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಬರುವಾಗ ಗಂಡಹೆಂಡತಿ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡು ನಕ್ಕರು.

ಅವರಿಗೆ ಮಕ್ಕಳಾಗಲಿಲ್ಲ. ಎರಡು ಸಲ ಕಾಕು ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಬಂದಳು. ಆಮೇಲೆ ಓಣಿಯ ಹೆಂಗಸರು ಕಪಾಟನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಒಬ್ಬಾಕೆ ಕಾಕು ಕೇಳುವಂತೆಯೇ, "ಹುಡುಗರಿಲ್ಲ ನೋಡು, ಅದಕ್ಕ ಆಟಿಗಿ ಮಾಡ್ಕೋತ ಕುಂಡರತಾರ, ಪಾಪ" ಎಂದಳು. ಕಾಕು ಕಾನಸು ಕೆಳಗಿಡಲಿಲ್ಲ. "ಇದಕ್ಕ ಆಟಿಗಿ ಅನಬ್ಯಾಡ್ರಿ ವೈನಿ, ಆಟಿಗಿ ಮಾಡಾವ್ರಿಗೆ ಸಿಟ್ಟು ಬಂದೀತು" ಎಂದಳು. ಆಕೆ ಹೋದ ಮೇಲೆ ಬಹಳ ಹೊತ್ತು ಒಂದೇ ತುಂಡನ್ನು ತಿಕ್ಕಿದಳು. ಅದು ಸವೆದು ಚೂರಾಯಿತು. ಕಾಕಾ ಇನ್ನೊಂದು ತುಂಡು ಅವಳ ಕೈಗೆ ಕೊಟ್ಟ. ಜಗತ್ತಿನಲ್ಲಿ ಅವರು ಬೈಯದ್ದು ಯಾವುದೂ ಇರಲಿಲ್ಲ, ರೇಡಿಯೋದ ವಾರ್ತೆ, ನೆರೆಯವರ ಉಪ್ಪಿನಕಾಯಿ, ನನ್ನ ಶಾಲೆಯ ಗಣಿತದ ಪುಸ್ತಕ. ಆದರೆ ಒಬ್ಬರನ್ನೊಬ್ಬರು ಬೈದದ್ದನ್ನು ನಾನು ಕೇಳಿಲ್ಲ. ಬೈಗುಳದ ಮನೆಯಲ್ಲಿ ಬೆಳೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನಿಮಗೆ ತಿಳಿಯುತ್ತದೆ, ಅಲ್ಲಿ ಎಷ್ಟು ಬೆಚ್ಚಗಿರುತ್ತದೆ ಎಂದು.

ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ಕಾಕು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದಳು. ಹೊಟ್ಟೆಯ ಗಡ್ಡೆ, ಬಹಳ ಮುಂದೆ ಹೋಗಿತ್ತು. ಹಣ್ಣು ತಂದವರು, ದೇವರ ಅಂಗಾರ ತಂದವರು ಎಲ್ಲ ಬಂದು ಅತ್ತು ಹೋದರು. ಕಾಕಾ ಒಂದು ಡಬ್ಬಿ ತಂದ. ನ್ಯಾಟ್ ವಿಮಾನದ್ದು. ನೆಂಟರು ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಮಂಚದ ಮೇಲೆ ಪೇಪರು ಹಾಸಿ ಅವನು ತುಂಡುಗಳನ್ನು ಹರವಿದ. ಕಾಕುವಿನ ಕೈಗೆ ಬಲವಿರಲಿಲ್ಲ, ಕಣ್ಣಿಗೆ ಇತ್ತು.

"ರೆಕ್ಕಿ ಹೊಟ್ಟಿ ಕೆಳಗ ಹಚ್ಚಾಕ ಹೇಳ್ಯಾರಲ್ರೀ" ಎಂದಳು.

"ಹೌದು. ಖರೇ ಅಂದ್ರ ಬೆನ್ನಿಗೆ ಇರತಾವ."

"ಎಷ್ಟ್ ವರ್ಷಾತು, ಒಂದರ ಕಲಿತಾರೇನು ನೋಡ್ರಿ. ಮುಂಡೇವು."

ಅವಳು ನಕ್ಕಳು. ನಗು ನೋವಿಗೆ ತಿರುಗಿತು, ನರ್ಸ್ ಓಡಿ ಬಂದಳು. ಆ ವಿಮಾನ ಮುಗಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಕಾಕುವಿನ ತವರಿನ ಹಿರಿಯರೊಬ್ಬರು ಕಪಾಟಿನ ಮುಂದೆ ನಿಂತು, ಸಮಾಧಾನದ ಮಾತೆಂದು, "ಎಷ್ಟ್ ಚಂದ ವಿಮಾನ ಮಾಡಿದ್ದಳ್ರೀ ನಮ್ಮ ಹುಡುಗಿ" ಎಂದರು. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಕಾಕಾ ಎದ್ದು ನಿಂತ. "ಚಂದ ಎಲ್ಲಿ ಅದಾವ? ಒಂದರ ನೆಟ್ಟಗ ಐತೇನು? ಒಂದರ? ಆಕಿಗೆ ಗೊತ್ತಿತ್ತು. ಆಕಿ ಮನ್ಯಾಗ ನಿಂತು ಸುಳ್ಳ ಹೇಳಬ್ಯಾಡ್ರಿ" ಎಂದು ಒದರಿದ. ಓಣಿಯೆಲ್ಲ ಕೇಳಿತು. ದುಃಖಕ್ಕೆ ಹಾಗಾಡುತ್ತಾನೆ ಎಂದು ಅಪ್ಪ ಆ ಹಿರಿಯರ ಕೈ ಹಿಡಿದು ಹೊರಗೆ ಕರೆದೊಯ್ದರು. ನನಗೆ ಮಾತ್ರ, ಅಂದು ಅಲ್ಲಿ ಬಂದಿದ್ದವರಲ್ಲಿ ಅವಳಿಗೆ ಮರ್ಯಾದೆ ಕೊಟ್ಟವನು ಅವನೊಬ್ಬನೇ ಅನ್ನಿಸಿತು.

ನನಗೆ ಧಾರವಾಡದಲ್ಲೇ ನೌಕರಿಯಾಯಿತು. ಜೊತೆ ಕೆಲಸ ಮಾಡುವವಳ ಅಣ್ಣ ಹಡಗಿನಲ್ಲಿದ್ದ. ಅವನ ಕೈಲಿ ಕಾಕಾನಿಗೆಂದು ಪರದೇಶದ ಒಂದು ಡಬ್ಬಿ ತರಿಸಿದೆ. ಹಂಟರ್ ವಿಮಾನದ್ದು. ದಾಂಡೇಲಿಗೆ ಒಯ್ದುಕೊಟ್ಟಾಗ ಅವನು ನಿವೃತ್ತನಾಗಿ ಒಬ್ಬನೇ ಅಡುಗೆ ಮಾಡಿಕೊಂಡಿದ್ದ. ಇಬ್ಬರೂ ಚಾಪೆ ಹಾಸಿ ಕೂತೆವು. ಚಾಕು ಕಾಯಿಸುವ ಕೆಲಸ ಬೀಳಲಿಲ್ಲ. ಹೋಳಿಗೆ ಹೋಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡಿತು. ರೆಕ್ಕೆಗಳು ಸಮ, ಗಾಲಿಗಳು ಸರಿ, ಪೈಲಟ್ಟನಿಗೆ ಕಾಲೂ ಇದ್ದವು, ಬೂಟೂ ಇದ್ದವು. ನಾನು ಒಂದೊಂದೇ ತುಂಡು ಕೊಡುತ್ತ ಅವನ ಬಾಯಿ ನೋಡುತ್ತಿದ್ದೆ. ಅವನು ಒಂದು ಮಾತೂ ಆಡಲಿಲ್ಲ. ಆಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮುಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಛಲೋ ಐತಿ" ಎಂದ. ಅದನ್ನು ಚಾಪೆಯ ಮೇಲಿಟ್ಟು, "ಇದಕ್ಕ ನಾವು ಬೇಕಾಗೇ ಇಲ್ಲ ನೋಡು" ಎಂದ.

ಸಂಜೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದ. ಬಸ್ಸಿನ ಬಾಗಿಲಿಗೆ ಹಗ್ಗ ಕಟ್ಟಿದ್ದರು, ನಾನು ಕೂತ ಸೀಟಿನ ಸ್ಪ್ರಿಂಗು ಹೊರಗೆ ಬಂದಿತ್ತು, ಕಂಡಕ್ಟರ್ ಚಿಲ್ಲರೆಗಾಗಿ ಎಲ್ಲರ ಮೇಲೂ ರೇಗುತ್ತಿದ್ದ. ಬೈಯಲು ಬೇಕಾದಷ್ಟು ಇತ್ತು. ಕಾಕಾ ಕಿಟಕಿಯ ಹೊರಗೆ ನಿಂತು ಅದನ್ನೆಲ್ಲ ನೋಡಿದ. ನಾನು ಕಾದೆ. ಬಸ್ಸು ಚಾಲೂ ಆದಾಗ ಸರಳಿನ ಮೇಲಿದ್ದ ನನ್ನ ಕೈಯನ್ನು ಮುಟ್ಟಿ, ಎಲ್ಲರ ಕಾಕಾಗಳು ಹೇಳುವ ಹಾಗೆ, "ಹುಷಾರಿಂದ ಹೋಗವಾ" ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೊರಗೆ ಕಾಡು ಕಪ್ಪಾಗುತ್ತಿತ್ತು. ಬಸ್ಸು ಹಳಿಯಾಳ ದಾಟಿದ ಮೇಲೂ, ಯಾವುದನ್ನೂ ಬೈಯದ ಆ ದನಿ ಹುಟ್ಟಿಸಿದ ಹೆದರಿಕೆ ನನ್ನ ಎದೆಯಿಂದ ಇಳಿಯಲಿಲ್ಲ.