ನಾಲಿಗೆ ಅಡಿಯ ಮಾತ್ರೆ

ನನ್ನ ತಮ್ಮನಿಗೆ ಚಿಕ್ಕಂದಿನಿಂದ ಫಿಟ್ಸ್. ದಿನಾ ಎರಡು ಹೊತ್ತು ಮಾತ್ರೆ. ಕಳ್ಳ, ನಾಲಿಗೆ ಅಡಿ ಇಟ್ಟುಕೊಂಡು ಆಮೇಲೆ ನಾನು ನೇಯೋ ಮಗ್ಗದ ಗುಂಡಿಗೆ ಉಗಿಯೋನು. ಅದಕ್ಕೇ ದಿನಾ "ಆ ಅನ್ಲಾ, ನಾಲ್ಗೆ ಎತ್ತು" ಅಂತ ನೋಡಿಯೇ ಬಿಡುತ್ತಿದ್ದೆ.

ಇದು ನಮ್ಮ ಮನೆ ಗುಟ್ಟು. ಮಾತ್ರೆಗೆ ಕೂಡ ನಮ್ಮೂರು ಕೊಳ್ಳೇಗಾಲದ ಅಂಗಡಿಗಳನ್ನೆಲ್ಲ ಬಿಟ್ಟು ಕಾಮಗೆರೆ ಆಸ್ಪತ್ರೆಗೆ ಹೋಗುತ್ತಿದ್ದೆವು. ಹೆಣ್ಣು ಕೊಡೋಕೆ ಯಳಂದೂರಿನವರು ವಿಚಾರಿಸಿದಾಗಲೂ ನಾನೇ "ಗುಂಡ್ಕಲ್ಲಂಗವ್ನೆ ಕಣ್ರಿ" ಅಂದವಳು.

ಅವನು ದುಡಿಯೋಕೆ ಹೋಗಿದ್ದ ಹೊರದೇಶದಲ್ಲಿ ಯುದ್ಧ ಶುರುವಾಯಿತು. ಫೋನು ಸತ್ತು ಮೂರು ದಿನ. ನಾಲ್ಕನೇ ದಿನ ತಾಲ್ಲೂಕು ಆಫೀಸಿಂದ ಫೋನ್ ಬಂತು. ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ, ನಮ್ಮ ಸರ್ಕಾರದ ಶಿಬಿರ ಸೇರಿದ್ದಾನಂತೆ. ಸದ್ಯ!

"ಅಲ್ಲಿ ನಮ್ಮ ಡಾಕ್ಟ್ರು ಇದಾರಮ್ಮ, ಔಷಧಿ ಕೊಡ್ತಾರೆ. ನಿಮ್ ತಮ್ಮಂಗೆ ಕಾಯಿಲೆ ಏನಾದ್ರೂ ಇದ್ಯಾ?"

"ಅಯ್ಯೋ, ಏನೂ ಇಲ್ಲ ಸಾ! ಗುಂಡ್ಕಲ್ಲಂಗವ್ನೆ."

ಫೋನಿಟ್ಟ ಮೇಲೇ ನನಗೆ ಹೊಳೆದದ್ದು. ಮಾತ್ರೆ ಅವನ ಬ್ಯಾಗಿನಲ್ಲೇ ಉಳಿದಿರುತ್ತೆ. ತಪ್ಪಿದರೆ ಬಿದ್ದುಬಿಡುತ್ತಾನೆ. ಅಲ್ಲಿ ಅವನೂ ಬಾಯಿ ಬಿಟ್ಟಿರಲ್ಲ, ಬಿಡಬೇಡ ಅಂತ ಕಲಿಸಿದವಳೇ ನಾನು. ಥೂ, ನನ್ನ ಬಾಯಿಗಿಷ್ಟು ಮಣ್ಣಾಕ!

ತಿರುಗಿ ಮಾಡಿದರೆ ಆ ನಂಬರು ಎಂಗೇಜು. ಲಾಳಿ ಅಲ್ಲೇ ಬಿಸಾಕಿ, ಆಸ್ಪತ್ರೆ ಚೀಟಿ ಹಿಡಿದು ಓಡಿದೆ. ಆಫೀಸಲ್ಲಿ ನಮ್ಮ ಬೀದಿಯವರೇ ನಾಲ್ಕು ಜನ ನಿಂತಿದ್ದರು. ಯಾರಿದ್ದರೆ ಏನು, ಕಿರುಚಿಯೇಬಿಟ್ಟೆ.

"ಸಾ, ಸುಳ್ಳೇಳ್ಬುಟ್ಟೆ! ನನ್ ತಮ್ಮಂಗೆ ಫಿಟ್ಸು!"

ಗುಮಾಸ್ತರು ಬೈಯುತ್ತಾರೆ ಅಂದುಕೊಂಡೆ. "ಮೊದ್ಲು ಕೂತ್ಕೊಳಮ್ಮ" ಅಂದರು. ಚೀಟಿಯ ಫೋಟೊ ತೆಗೆದು ಅಲ್ಲಿಗೆ ಕಳಿಸಿದರು. ಕುಡಿಯೋಕೆ ನೀರೂ ಕೊಟ್ಟರು.

ಮಾರನೇ ದಿನ ಬೆಳಗ್ಗೆ ವಿಡಿಯೋ ಕಾಲ್ ಬಂತು. ತಮ್ಮನ ಪಕ್ಕದಲ್ಲಿ ಬಿಳಿ ಕೋಟಿನ ಡಾಕ್ಟರಮ್ಮ, ಕೈಯಲ್ಲಿ ಮಾತ್ರೆ ಶೀಟು. ಇವನೋ, ನನ್ನ ಮುಖ ಕಂಡಿದ್ದೇ ರೇಗಿದ.

"ಅಕ್ಕ, ನಿಂಗೆ ಬುದ್ಧಿ ಇದ್ಯಾ? ಆಫೀಸಲ್ಲಿ ಕಿರುಚಿದ್ಯಂತೆ, ಊರಿಗೆಲ್ಲ ಗೊತ್ತಾಯ್ತಲ್ಲ!"

"ಗೊತ್ತಾಗ್ಲಿ. ಯಳಂದೂರಿಗೂ ನಾನೇ ಓಗಿ ಏಳ್ತೀನಿ. ಮಾತ್ರೆ ನುಂಗ್ದಾ, ಅದ್ನೇಳ್ಲಾ."

ಗೊಣಗಿದ. ಆಮೇಲೆ ಗಡ್ಡ ಬಂದ ಗಂಡಸಾದ ನನ್ನ ತಮ್ಮ, ಡಾಕ್ಟರಮ್ಮ ನೋಡುತ್ತಿದ್ದಂತೆಯೇ, ಫೋನನ್ನು ಮುಖದ ಹತ್ತಿರ ತಂದು "ಆ" ಅಂತ ಬಾಯಿ ತೆರೆದು ನಾಲಿಗೆ ಎತ್ತಿದ. ಅಡಿಯಲ್ಲಿ ಏನೂ ಇರಲಿಲ್ಲ. ನಾನು ಅತ್ತುಬಿಟ್ಟೆ.